ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ

ದಾವಣಗೆರೆಯಲ್ಲಿ ನನ್ನ ವಯಸ್ಸಿನವರನ್ನು ಹಿಂದಿ ಬರುತ್ತಾ ಎಂದು ಕೇಳಿ ನೋಡಿ. 'ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ' ಅನ್ನುತ್ತಾರೆ. ನನಗೆ ಆ ಅರ್ಥ ಆಗುವಷ್ಟನ್ನು ಕಲಿಸಿದವರು ಶಾಲೆಯ ಮೇಷ್ಟ್ರಲ್ಲ, ಎಸಿಪಿ ಪ್ರದ್ಯುಮನ್. 1998ರಲ್ಲಿ ಸೋನಿ ಟಿವಿಯಲ್ಲಿ ಶುರುವಾದ ಅವರ ಪತ್ತೇದಾರಿ ಧಾರಾವಾಹಿ 'ಸಿಐಡಿ' ಇಪ್ಪತ್ತು ವರ್ಷ ಓಡಿತು. ವಾರಕ್ಕೊಂದು ಹೆಣ, ಒಂದಿಷ್ಟು ಸುಳ್ಳು, ಪ್ರದ್ಯುಮನ್ ಕೈಕೆಳಗಿನ ದಯಾ ಒಡೆಯಲಿಕ್ಕೆ ಒಂದು ಬಾಗಿಲು.

ಪತ್ತೇದಾರಿ ಧಾರಾವಾಹಿ ಭಾಷೆ ಕಲಿಸುತ್ತದೆ ಅನ್ನುವುದು ನಿಜ. ಸಂಸಾರದ ಕಥೆಯಾದರೆ ಅಳು ನಗು ನೋಡಿಕೊಂಡೇ ದಾಟಿಬಿಡಬಹುದು. ಇಲ್ಲಿ ಕೊಲೆಗಾರ ಸಿಕ್ಕಿಬೀಳುವುದೇ ಬಾಯಿತಪ್ಪಿ ಆಡಿದ ಒಂದು ಮಾತಿನಿಂದ. ಯಾರು, ಎಲ್ಲಿ, ಯಾವಾಗ ಎಂಬ ಅದೇ ಪ್ರಶ್ನೆಗಳನ್ನು ನಾಲ್ಕು ಸಾಕ್ಷಿಗಳಿಗೆ ನಾಲ್ಕು ಸಲ ಕೇಳುತ್ತಾರೆ. ಯಾವ ಮೇಷ್ಟ್ರಿಗಿದೆ ಅಷ್ಟು ತಾಳ್ಮೆ? ಗೊತ್ತಿಲ್ಲದ ಪದವನ್ನು ಸುತ್ತಲಿನ ಸುಳಿವಿನಿಂದ ಊಹಿಸುವುದೂ ಪತ್ತೇದಾರಿಯೇ.

ಇಟಲಿಯೆಂಬ ಇಡೀ ದೇಶವೇ ಹೀಗೆ ಕಲಿತಿದೆ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂಬುದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ ಅವರ ಲೆಕ್ಕ. ಉಳಿದವರಿಗೆಲ್ಲ ಅವರವರ ಸೀಮೆಯ ನುಡಿ. 1954ರಲ್ಲಿ ಬಂದ ಟಿವಿ ಇಟಾಲಿಯನ್ನರಿಗೇ ಇಟಾಲಿಯನ್ ಕೇಳಿಸಿತು. ಈಗ 'ಇನ್‌ಸ್ಪೆಕ್ಟರ್ ಮೊಂತಾಲ್ಬಾನೊ' ಎಂಬ ಪತ್ತೇದಾರಿ ಧಾರಾವಾಹಿ ನೋಡಿ ಇಟಾಲಿಯನ್ ಕಲಿಯಹೊರಟವರಿಗೆ ಜೊತೆಗೆ ಸಿಸಿಲಿಯ ಮಾತೂ ಅಂಟಿಕೊಳ್ಳುತ್ತದೆ. ಅಂಟಲಿ ಬಿಡಿ, ನಮ್ಮೂರಿನಲ್ಲಿ ಪುಸ್ತಕದ ಕನ್ನಡ ಕಲಿತವನು 'ಬರುವುದಿಲ್ಲ' ಅಂದರೆ ನಗುವವರು ನಾವೇ ತಾನೆ.

ಆದರೆ ದೆ ಮಾವ್ರೊ ಟಿವಿಯೊಂದಕ್ಕೇ ಹಾರ ಹಾಕಲಿಲ್ಲ. ಹೊಟ್ಟೆಪಾಡಿಗೆ ದಕ್ಷಿಣದಿಂದ ತೂರಿನ್, ಮಿಲಾನಿನ ಕಾರ್ಖಾನೆಗಳಿಗೆ ಹೋದ ಜನ, ಸೈನ್ಯ, ಶಾಲೆ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರು. ಟಿವಿ ಕಿವಿ ತೆರೆಯಿತು. ಪಾಳಿಯಲ್ಲಿ ಪಕ್ಕ ನಿಂತವನು ಬಾಯಿ ತೆರೆಸಿದ. ನಮ್ಮ ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಯಂತ್ರ ಕಾರ್ಖಾನೆ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತಿನ ಮುಂದೆ ಮರಾಠಿ ಕಲಿತ ಮೊದಲಿಗರಿಗೆ ಟಿವಿ ಎಂಬುದೇ ಇರಲಿಲ್ಲ.

ಟಿವಿಯೊಂದೇ ಸಾಲದು ಎಂದು ನನಗೆ ಗೊತ್ತಾದದ್ದು ಹರಿಹರ ರೈಲು ನಿಲ್ದಾಣದಲ್ಲಿ. ದಾವಣಗೆರೆಯ ಕಾಲೇಜಿಗೆ ಸೇರಲು ಬಂದ ಬಿಹಾರದ ಹುಡುಗನೊಬ್ಬ ಇದೇ ದಾವಣಗೆರೆಯಾ ಎಂದು ಕೇಳಿದ. ಹದಿನೈದು ವರ್ಷ ಕೂಡಿಟ್ಟ ಹಿಂದಿ ಬಾಯಿಗೆ ಬಂತು: 'ತುಮ್ ಕಹಾಂ ಸೇ ಆಯೇ ಹೋ?' ಪಕ್ಕದಲ್ಲಿ ಅವನ ತಂದೆ. ಅವರಿಗೂ 'ತುಮ್' ಅಂದೆ. ಹುಡುಗ ಬೆದರಿ ಟಿಕೆಟ್ ತೆಗೆದು ತೋರಿಸಿದ.

ಪದ ಸರಿ, ವ್ಯಾಕರಣ ಸರಿ. ಪೊಲೀಸರು ಆರೋಪಿಯನ್ನು ಮಾತಾಡಿಸುವ ಹಿಂದಿ ಮಾತ್ರ ನನಗೆ ಬಂದಿತ್ತು. ನೀನು, ನೀವು ಎಂಬ ವ್ಯತ್ಯಾಸ ಎದುರಿಗಿರುವ ಮುಖ ನೋಡಿ ಬರುವಂಥದ್ದು. ಟಿವಿಗೆ ನಾನು ಏನಂದರೂ ಬೇಜಾರಿಲ್ಲ, ಅದು ನನ್ನನ್ನು ಒಮ್ಮೆಯೂ ಮರುಪ್ರಶ್ನೆ ಕೇಳಿದ್ದಿಲ್ಲ. ನಾಚಿಕೆಯಾಗದ ಕಡೆ ನಾಲಿಗೆ ತಿದ್ದಿಕೊಳ್ಳುವುದಿಲ್ಲ. ಕನ್ನಡದಲ್ಲಿ ನಾವು ಭಾಷೆ 'ಬರುತ್ತದೆ' ಅನ್ನುತ್ತೇವೆ. ಟಿವಿಯಿಂದ ಅದು ಹೊಸಿಲವರೆಗೆ ಬಂದಿರುತ್ತದೆ, ಒಳಕ್ಕೆ ಕರೆಯಲು ಇನ್ನೊಬ್ಬ ಮನುಷ್ಯ ಬೇಕು.

ಆ ಹುಡುಗ ಈಗ ನಮ್ಮ ಬೀದಿಯಲ್ಲೇ ರೂಮು ಮಾಡಿದ್ದಾನೆ. ದೋಸೆ ಹೋಟೆಲಿನಲ್ಲಿ 'ಅಣ್ಣಾ, ಬೆಣ್ಣೆ ಸ್ವಲ್ಪ ಜಾಸ್ತಿ ಹಾಕ್ರಿ' ಅನ್ನುತ್ತಾನೆ. ಕನ್ನಡ ಧಾರಾವಾಹಿ ಒಂದನ್ನೂ ಅವನು ನೋಡಿಲ್ಲ.