ಬರಹಕ್ಕೆ ಸಿಗದ ದುಡಿಮೆ

ಸೋಮವಾರ ಮತ್ತು ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತವೆ. ಯಾವ ರೈತನ ಮಾಲು, ತಳಿ ಕಡ್ಡಿಯೋ ಡಬ್ಬಿಯೋ, ಎಷ್ಟು ತೂಕ, ಯಾವ ದಲಾಲಿ ಅಂಗಡಿ, ಟೆಂಡರಿನಲ್ಲಿ ಎಷ್ಟಕ್ಕೆ ಹೋಯಿತು, ಎಲ್ಲಕ್ಕೂ ಬರಹ ಉಂಟು. ಆಮೇಲೆ ಆ ಕಾಯಿ ಗೋದಾಮು ಸೇರಿ ಹೆಂಗಸರ ಮುಂದೆ ರಾಶಿಯಾಗುತ್ತದೆ. ಅವರು ತೊಟ್ಟು ಬಿಡಿಸುತ್ತಾರೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ಘಾಟು ಬಿಡುವುದಿಲ್ಲ. ಸಂಜೆ ಕೈ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ, ಆ ಕೈಯಿಂದ ಕೂಸಿನ ಮುಖ ಮುಟ್ಟುವಂತಿಲ್ಲ. ಬಿಡಿಸಿದಷ್ಟಕ್ಕೆ ಕೂಲಿ. ಅಷ್ಟಕ್ಕೆ ಆ ದಿನದ ಋಣ ಮುಗಿಯಿತು. ಮೂವತ್ತು ವರ್ಷ ಹೀಗೆ ಕೂತವಳು ದುಡಿದಳು ಎಂಬುದಕ್ಕೆ ಕಾಗದ ತೋರಿಸು ಎಂದರೆ ಆಕೆ ಏನು ತೋರಿಸಬೇಕು?

ಅರವತ್ತೈದು ತುಂಬಿದ ಮೇಲೆ ಆಕೆ ನಾಡಕಚೇರಿಗೆ ಹೋಗುತ್ತಾಳೆ. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಶುರುವಾದದ್ದು. ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿಯಿಂದ ಗೆದ್ದ ಬಸವರಾಜ ಬೊಮ್ಮಾಯಿ 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ಅದನ್ನು 1,000ದಿಂದ 1,200ಕ್ಕೆ ಏರಿಸುವುದಾಗಿ ಹೇಳಿದರು. ಒಳ್ಳೆಯದೇ ಆಯಿತು. ಆದರೆ ಈ ಹಣ ಪಡೆಯಲು ಆಕೆ ಸಾಬೀತು ಮಾಡಬೇಕಾದದ್ದು ಎರಡು: ವಯಸ್ಸು ಮತ್ತು ಬಡತನ. ಎಷ್ಟು ವರ್ಷ ದುಡಿದಳೆಂದು ಯಾರೂ ಕೇಳುವುದಿಲ್ಲ. ವರಮಾನ ಕಡಿಮೆಯೆಂಬ ಪ್ರಮಾಣಪತ್ರ ಇದ್ದರೆ ಸಾಕು. ಜೀವನವಿಡೀ ದುಡಿದವಳು ಕೊನೆಗೆ ತನ್ನ ಇಲ್ಲದಿರುವಿಕೆಯನ್ನು ತೋರಿಸಿ ಮಾಸಾಶನ ಪಡೆಯುತ್ತಾಳೆ. ಹಾಗಾಗಿಯೇ ಚಹಾದಂಗಡಿಯಲ್ಲಿ ಕೂತ ನಾಲ್ಕು ಜನಕ್ಕೆ ‘ಕುಂತು ತಿನ್ನಾಕ ಸರ್ಕಾರ ಕೊಡ್ತೈತಿ’ ಎನ್ನುವುದು ಅಷ್ಟು ಸಲೀಸು.

ಅಮೆರಿಕದಲ್ಲಿ ಈ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದಾಗ ಹಣ ಬರುವ ದಾರಿಯನ್ನು ಬೇಕೆಂದೇ ಹಾಗೆ ಕಟ್ಟಿದ್ದರು. ದುಡಿಯುವವರ ಪಗಾರದಿಂದ ಒಂದು ಪಾಲು, ಮಾಲೀಕರಿಂದ ಅಷ್ಟೇ ಇನ್ನೊಂದು ಪಾಲು. ಕಂತು ಕಟ್ಟಿದವರಿಗೆ ಅದು ತಮ್ಮ ಹಕ್ಕು ಅನ್ನಿಸಬೇಕು, ಮುಂದೆ ಯಾವ ರಾಜಕಾರಣಿಯೂ ಅದಕ್ಕೆ ಕೈ ಹಾಕಬಾರದು ಎಂಬುದು ಅವರ ಲೆಕ್ಕ. 1965ರಲ್ಲಿ ಅರವತ್ತೈದು ದಾಟಿದವರ ಚಿಕಿತ್ಸೆಗೆಂದು ಬಂದ ಮೆಡಿಕೇರ್ ಕೂಡ ಬಹುಪಾಲು ಇದೇ ದಾರಿ ಹಿಡಿಯಿತು. ಅಲ್ಲಿನ ಮುದುಕ ಮಾಸಾಶನ ಪಡೆಯುವಾಗ ತಲೆ ತಗ್ಗಿಸಬೇಕಿಲ್ಲ: ನನ್ನ ದುಡ್ಡು, ನನಗೆ ಬಂತು.

ಆದರೆ ಆ ಮಾತನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೆಯದೇ ಕಾಣುತ್ತದೆ. ಅಲ್ಲಿ ತಿಂಗಳ ಮಾಸಾಶನದ ಮೊದಲ ಚೆಕ್ಕು ಪಡೆದವರು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್, 1940ರ ಜನವರಿ 31ರಂದು. ಮೂರು ವರ್ಷದಲ್ಲಿ ಆಕೆ ಕಟ್ಟಿದ್ದ ಒಟ್ಟು ಕಂತು 24.75 ಡಾಲರ್; ಮೊದಲ ಚೆಕ್ಕೇ 22.54 ಡಾಲರ್. ನೂರು ವರ್ಷ ಬಾಳಿದ ಆಕೆಗೆ ಸಾಯುವ ಹೊತ್ತಿಗೆ 22 ಸಾವಿರ ಡಾಲರಿಗೂ ಮಿಕ್ಕಿ ಬಂದಿತ್ತು. ಅದು ಆಕೆ ಕೂಡಿಟ್ಟ ಹಣವಂತೂ ಅಲ್ಲ, ಆಗ ದುಡಿಯುತ್ತಿದ್ದವರ ಹಣ. ಇನ್ನೊಂದು ಕಡೆ, 1935ರ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗೇ ಇಟ್ಟಿತ್ತು. ಅವರಲ್ಲಿ ಕಪ್ಪು ಜನ ಬಹಳ. ಅವರಿಗೆ ಬಾಗಿಲು ತೆರೆಯಲು 1950ರ ದಶಕ ಬರಬೇಕಾಯಿತು. ಅಷ್ಟು ವರ್ಷ ಅವರೇನು ಕೈಕಟ್ಟಿ ಕೂತಿದ್ದರೇ? ದುಡಿಮೆ ಇತ್ತು, ಖಾತೆ ಇರಲಿಲ್ಲ. ಅಂದಮೇಲೆ ಹಕ್ಕು ಹುಟ್ಟುವುದು ಕಟ್ಟಿದ ದುಡ್ಡಿನಿಂದ ಅಲ್ಲ, ‘ನೀನು ದುಡಿದೆ’ ಎಂದು ದೇಶ ಒಪ್ಪಿಕೊಳ್ಳುವುದರಿಂದ. ಕಂತು ಆ ಒಪ್ಪಿಗೆಗೊಂದು ರಸೀದಿ, ಅಷ್ಟೇ.

ರಸೀದಿ ಇದ್ದವರ ಪಾಡೂ ನಮ್ಮಲ್ಲಿ ಹೇಳಿಕೊಳ್ಳುವಂತಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ದೊಡ್ಡ ಕಾರ್ಖಾನೆ ಇದೆ. ಅಂಥಲ್ಲಿ ದುಡಿದವರಿಗೆ ಪಿಎಫ್ ನಂಬರು ಇರುತ್ತದೆ, ಪ್ರತಿ ತಿಂಗಳ ಲೆಕ್ಕ ಇರುತ್ತದೆ. ಆದರೂ ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ಕಂತು ಕಟ್ಟಿದವನ ಕನಿಷ್ಠ ಮೊತ್ತ ಕಟ್ಟದವಳ ಮಾಸಾಶನಕ್ಕಿಂತ 200 ಕಡಿಮೆ! ನಿವೃತ್ತ ಮಾಸ್ತರರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತ ಹೋಗುತ್ತದೆ, ಅದು ನ್ಯಾಯವೇ. ಬೇಳೆಯ ಬೆಲೆ ತೊಟ್ಟು ಬಿಡಿಸುವವಳ ಮನೆಗೂ ಏರುತ್ತದಲ್ಲ, ಎಂಬತ್ತರೊಳಗಿನ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಕೊಡುವ ಪಾಲು ಮಾತ್ರ ವರ್ಷಾನುಗಟ್ಟಲೆ 200 ರೂಪಾಯಿಯಲ್ಲೇ ಯಾಕೆ ನಿಂತಿತು?

ಒಂದು ಸೇವಾ ಕೇಂದ್ರದಲ್ಲಿ ಕಂಡದ್ದು. ಮಾಸಾಶನಕ್ಕೆಂದು ಬಂದ ಅಜ್ಜಿ ಹೆಬ್ಬೆಟ್ಟು ಒತ್ತಿದಳು, ಯಂತ್ರ ಒಪ್ಪಲಿಲ್ಲ. ‘ಸೆರಗಿಗೆ ಒರಸಿ ಇನ್ನೊಮ್ಮಿ ಇಡ್ರಿ ಅಜ್ಜಿ’ ಎಂದ ಹುಡುಗ. ಒರೆಸಿ ಇಟ್ಟಳು. ಬೇರೆ ಬೆರಳು, ಆಮೇಲೆ ಎಡಗೈ. ಬೆರಳ ತುದಿ ನುಣ್ಣಗಾಗಿತ್ತು, ಗೆರೆಯೇ ಇರಲಿಲ್ಲ. ‘ಬೆರಳೆಲ್ಲಾ ಮೆಣಸಿನಕಾಯಿ ತಿಂದೈತಪಾ’ ಎಂದು ಆಕೆ ನಕ್ಕಳು. ಹುಡುಗನೂ ನಕ್ಕು ಒಂದು ಹನಿ ಎಣ್ಣೆ ಹಚ್ಚಿ ನೋಡಿದ. ಆಕೆ ದುಡಿದಳೆಂಬುದಕ್ಕೆ ಊರಲ್ಲಿದ್ದ ಒಂದೇ ಪುರಾವೆ ಆ ಸವೆದ ಬೆರಳು. ಯಂತ್ರಕ್ಕೆ ಅದೇ ತಕರಾರು.

ಔಷಧದ ಮಾತು ಬೇರೆಯೇ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ತುಂಬಿದವರಿಗೆಲ್ಲ, ವರಮಾನ ಕೇಳದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆಯ ಯೋಜನೆಗೆ ಚಾಲನೆ ಕೊಟ್ಟಿತು. ಬಡತನ ತೋರಿಸು ಎನ್ನದ ಯೋಜನೆ ಅಪರೂಪ, ಆ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಆದರೆ ಮುಪ್ಪು ಬಹುಪಾಲು ಆಸ್ಪತ್ರೆಯ ಹಾಸಿಗೆಯ ಮೇಲೆ ಕಳೆಯುವುದಿಲ್ಲ. ಬಿಪಿ, ಸಕ್ಕರೆ, ಮೊಣಕಾಲಿನ ಗುಳಿಗೆಗಳಲ್ಲಿ ಕಳೆಯುತ್ತದೆ. ಅಡ್ಮಿಟ್ ಆಗದವರ ಗುಳಿಗೆಗೆ ಆ 5 ಲಕ್ಷದಲ್ಲಿ ಜಾಗವಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಬ್ಯಾಡಗಿಯವರು ಹಾವೇರಿಯ ಜಿಲ್ಲಾ ಆಸ್ಪತ್ರೆಯ ತನಕ ಚೀಟಿ ಹಿಡಿದು ಹೋಗಿಬರಬಹುದು. ಟಿಕೆಟ್ಟಿಗೆ ಮಗನ ಕಡೆ ಕೈಚಾಚಬೇಕಿಲ್ಲ ಎಂಬುದೇ ಆ ಪ್ರಯಾಣದಲ್ಲಿ ಅರ್ಧ ಔಷಧ ಎಂದು ನನ್ನ ಅನಿಸಿಕೆ.

ನಮ್ಮ ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ನೆರವಿನ ಮಾತಾಡುತ್ತದೆ, ಆದರೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತು ಹಾಕಿ. ಮಿತಿ ಇರಲಿ. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಹಮಾಲರಿಗೊಂದು ಕಾಯ್ದೆ ಮಾಡಿ, ಕೂಲಿಯ ಮೇಲೆ ವರ್ತಕರಿಂದ ಇಷ್ಟೆಂದು ವಸೂಲಿ ಮಾಡಿ, ಮಂಡಳಿಯ ಮೂಲಕ ಅವರಿಗೆ ಭವಿಷ್ಯನಿಧಿ ಕಟ್ಟುವ ದಾರಿ ಕಂಡುಕೊಂಡಿತು. ಮಾಲೀಕ ಇವನೇ ಎಂದು ತೋರಿಸಲಾಗದ ಕೆಲಸಕ್ಕೂ ಮಾಲೀಕನ ಪಾಲು ಹುಡುಕಬಹುದು ಎಂಬುದು ಅದರ ಅರ್ಥ. ಬ್ಯಾಡಗಿಯ ತೊಟ್ಟಿಗೆ ಅದು ಯಾಕಾಗಬಾರದು?

ಅಜ್ಜಿಯ ಕಾಲ ಹೇಗೋ ಕಳೆಯಿತು. ಸೊಸೆಯೂ ಈಗ ಅದೇ ಕೆಲಸಕ್ಕೆ ಹೋಗುತ್ತಾಳೆ. 2021ರಿಂದ ಅಸಂಘಟಿತರಿಗೆ ಇ-ಶ್ರಮ್ ಕಾರ್ಡು ಬಂದಿರುವುದರಿಂದ ಆಕೆಗೆ ಹನ್ನೆರಡು ಅಂಕಿಯ ನಂಬರು ಸಿಕ್ಕೀತು, ಉದ್ಯೋಗದ ಕಲಮೂ ತುಂಬೀತು. ಆದರೆ ಆ ಕಾರ್ಡು ಎಷ್ಟು ದಿನ ಕೆಲಸ ಮಾಡಿದಳೆಂದು ಎಣಿಸುವುದಿಲ್ಲ, ಯಾರ ಗೋದಾಮಿನಲ್ಲಿ ಎಂದೂ ಕೇಳುವುದಿಲ್ಲ. ಅರವತ್ತೈದಕ್ಕೆ ಅವಳೂ ವರಮಾನದ ಪ್ರಮಾಣಪತ್ರಕ್ಕೇ ಅರ್ಜಿ ಹಾಕಬೇಕು.