ಏರಿನ ಲೆಕ್ಕ

ನಾಸಿಕದಲ್ಲಿ ಸೈಕಲ್ ತುಳಿಯುವವರಿಗೆ ಒಂದು ವಿಚಿತ್ರ ಕೊರತೆಯಿದೆ. ಊರೊಳಗೆ ಏರು ಸಾಲದು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ಹರಡಿಕೊಂಡ ಊರು ಇದು. ಪಾಂಡವಲೇಣಿಯಂಥ ಗುಡ್ಡಗಳು ಅಲ್ಲಲ್ಲಿ ಎದ್ದು ನಿಂತಿದ್ದರೂ ರಸ್ತೆಗಳು ಹೆಚ್ಚಾಗಿ ಸಪಾಟು. ಹಾಗಾಗಿ ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಏರು ಹುಡುಕಿಕೊಂಡು ಹೋಗಬೇಕು. ನಮ್ಮ ತೀರ್ಥಹಳ್ಳಿ ಕಡೆಯ ಹಿರಿಯರು ಕೇಳಿದ್ದರೆ, "ಇವನಿಗೆ ತಲೆ ಸರಿ ಇದೆಯೇನೋ?" ಅಂದುಬಿಡುತ್ತಿದ್ದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಕೂತು ಹತ್ತುವಾಗಲೂ ಅಮ್ಮ ದೇವರನ್ನು ನೆನೆಯುತ್ತಿದ್ದಳು.

ಒಳ್ಳೆಯ ಏರು ಅಂದರೆ ಯಾವುದು? ನೂರು ಮೀಟರ್ ಸಾಗುವಷ್ಟರಲ್ಲಿ ಐದಾರು ಮೀಟರ್ ಮೇಲೇರಬೇಕು, ನಡುವೆ ಇಳಿಜಾರು ಬಂದು ಕಾಲಿಗೆ ಬಿಡುವು ಕೊಡಬಾರದು, ಲಾರಿಗಳ ಕಾಟ ಇರಬಾರದು. ಹೊಸಬರಿಗೆ ತ್ರ್ಯಂಬಕೇಶ್ವರದ ರಸ್ತೆ ಸಾಕು. ಕಾಲು ಕುದುರಿದ ಮೇಲೆ ಪೇಠ್ ರಸ್ತೆಯ ಘಾಟಿ. ನಿಜವಾದ ಪರೀಕ್ಷೆ ಬೇಕಾದರೆ ನಾಂದೂರಿಯಿಂದ ಸಪ್ತಶೃಂಗಿ ದೇವಿಯ ಗಡಕ್ಕೆ ಹತ್ತುವ ದಾರಿ. ಮುಂಬೈ ಕಡೆಯ ಕಸಾರಾ ಘಾಟ್ ಹೆಸರಾದದ್ದೇ, ಆದರೆ ಹೆದ್ದಾರಿಯಾದ್ದರಿಂದ ಅಲ್ಲಿ ಲಾರಿಗಳದೇ ರಾಜ್ಯ. ಅಲ್ಲಿ ರೈಲು ಹಳಿ 37 ಅಡಿಗೆ ಒಂದು ಅಡಿಯಂತೆ ಏರುತ್ತದೆ. ಮೇಲೆ ಬರುವ ರೈಲನ್ನು ಹಿಂದಿನಿಂದ ನೂಕಲು ಹೆಚ್ಚುವರಿ ಇಂಜಿನ್ ಕಟ್ಟುತ್ತಾರೆ. ಅದಕ್ಕೆ 'ಬ್ಯಾಂಕರ್' ಅಂತ ಹೆಸರು! ಜೀವನಪೂರ್ತಿ ಬ್ಯಾಂಕಿನಲ್ಲಿ ಕೂತ ನನಗೆ ಮೊದಲ ಸಲ ಕೇಳಿದಾಗ ನಗು ತಡೆಯಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಕಸಾರಾ ದಾರಿ ಸಾಲದ ಹಾಗೆ: ಮೊದಲು ಇಳಿಜಾರಿನ ಸುಖ, ವಾಪಸು ಬರುವಾಗ ಬಡ್ಡಿ ಸಮೇತ ತೀರುವಳಿ. ಸಪ್ತಶೃಂಗಿ ಠೇವಣಿಯ ಹಾಗೆ: ಮೊದಲು ಕಟ್ಟು, ಆಮೇಲೆ ತಗೋ.

ನಾಸಿಕದಲ್ಲಿ ಈ ಹುಚ್ಚಿಗೆ ಮರ್ಯಾದೆಯೂ ಇದೆ. 2015ರಲ್ಲಿ ಇಲ್ಲಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಇಬ್ಬರ ತಂಡವಾಗಿ ಅಮೆರಿಕವನ್ನು ಅಡ್ಡ ಹಾಯುವ 'ರೇಸ್ ಅಕ್ರಾಸ್ ಅಮೆರಿಕ' ಸ್ಪರ್ಧೆ ಮುಗಿಸಿ ಬಂದರು. ಸುಮಾರು 4,800 ಕಿಲೋಮೀಟರ್ ದಾರಿ. ಅಂಥವರ ಊರಿನಲ್ಲಿ ಅರವತ್ತು ದಾಟಿದವನೊಬ್ಬ ಸೈಕಲ್ ಹತ್ತಿದರೆ ಯಾರೂ ನಗುವುದಿಲ್ಲ.

ಆದರೆ ನನಗೆ ಈ ಹುಚ್ಚು ಹತ್ತಿದ್ದು ನಾಸಿಕದಲ್ಲಲ್ಲ. ನಿವೃತ್ತಿಗೆ ಮುಂಚೆ ಔರಂಗಾಬಾದಿಗೆ ವರ್ಗವಾಗಿತ್ತು. 2023ರಲ್ಲಿ ಆ ಊರು ಛತ್ರಪತಿ ಸಂಭಾಜಿನಗರವಾಯಿತು. ಆ ಜಿಲ್ಲೆಯಲ್ಲಿ 'ಕನ್ನಡ' ಅಂತಲೇ ಒಂದು ತಾಲ್ಲೂಕು ಕೇಂದ್ರವಿದೆ. ರಸ್ತೆ ಫಲಕದಲ್ಲಿ ದೇವನಾಗರಿಯಲ್ಲಿ ಆ ಹೆಸರು ಓದಿದ ದಿನ ಸುಮ್ಮನೆ ಅಲ್ಲೇ ಸೈಕಲ್ ನಿಲ್ಲಿಸಿ ನೋಡುತ್ತಾ ನಿಂತಿದ್ದೆ. ಮನೆಯಲ್ಲಿ ಹೇಳಿದರೆ ಹೆಂಡತಿ, "ಅಲ್ಲಿ ಕನ್ನಡ ಮಾತಾಡೋರು ಸಿಕ್ಕಿದ್ರಾ?" ಅಂದಳು. ಸಿಕ್ಕಿರಲಿಲ್ಲ.

ಅಲ್ಲಿ ನನ್ನ ಖಾಯಂ ಏರು ದೌಲತಾಬಾದಿನಿಂದ ಖುಲ್ದಾಬಾದಿಗೆ ಹತ್ತುವ ಘಾಟಿ. ಒಂದು ಬೆಳಗ್ಗೆ ಮುಂದೆ ಒಬ್ಬ ಮುದುಕ ಹಳೇ ಸೈಕಲ್ಲಿಗೆ ಮೇವಿನ ಹೊರೆ ಕಟ್ಟಿ ನೂಕಿಕೊಂಡು ಹೋಗುತ್ತಿದ್ದ. ನನ್ನ ಮಣಿಕಟ್ಟಿನ ಗಡಿಯಾರ ನಿಮಿಷ ಎಣಿಸುತ್ತಿತ್ತು. ಹಲ್ಲು ಕಚ್ಚಿ ತುಳಿದು ಅವನನ್ನು ಹಿಂದೆ ಹಾಕಿದೆ. ಗೆದ್ದೆ ಅನ್ನಿಸಿತು. ಮೇಲೆ ಹೋಗಿ, ಸೈಕಲ್ ಒರಗಿಸಿ, ನೀರು ಕುಡಿಯುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವನು ಬಂದ. ನನ್ನನ್ನು ನೋಡಿ ನಿಂತು, ಮರಾಠಿಯಲ್ಲಿ, "ಪಂಕ್ಚರ್ ಆಯ್ತಾ ಸಾಹೇಬ್ರೇ? ನಾನು ನೋಡ್ಲಾ?" ಅಂತ ಕೇಳಿದ. ಇಲ್ಲ ಅಂದೆ. "ಮತ್ತೆ ಎಲ್ಲಿಗೆ ಹೊರಟ್ರಿ?" "ಎಲ್ಲಿಗೂ ಇಲ್ಲ, ಹತ್ತಿ ಇಳಿಯೋದು, ಅಷ್ಟೆ." ಅವನು ನಗಲಿಲ್ಲ. ತಲೆಯಾಡಿಸಿ ಹೊರೆ ನೂಕಿಕೊಂಡು ಹೋದ.

ಸ್ಪರ್ಧೆಯೇ ಮಾಡದವನನ್ನು ಸೋಲಿಸಿದ್ದೆ. ಸೋತವನು ನನಗೆ ಸಹಾಯ ಮಾಡಲು ನಿಂತಿದ್ದ. ಆ ನಾಚಿಕೆ ಇಷ್ಟು ವರ್ಷವಾದರೂ ಆರಿಲ್ಲ.

ಏರು ಒಂದೇ, ಬೆವರೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ನನಗೆ ತೋರುವುದು ಇಷ್ಟು: ನಾನು ಬೇಕೆಂದಾಗ ತಿರುಗಿ ಇಳಿಯಬಹುದು, ಅವನಿಗೆ ಆಗುವುದಿಲ್ಲ. ಮೇಲೆ ದನ ಕಾಯುತ್ತಿರುತ್ತದೆ. ಕಷ್ಟವನ್ನು ಅಳೆಯಬೇಕಾದ್ದು ನೋವಿನಿಂದಲ್ಲ, ಹಿಂದಿರುಗುವ ಸ್ವಾತಂತ್ರ್ಯ ಇದೆಯೋ ಇಲ್ಲವೋ ಎಂಬುದರಿಂದ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ಇದೇ ದೌಲತಾಬಾದಿಗೆ ಹೊರಡಿಸಿದ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಅವರ್ಯಾರೂ ಏರು ಹುಡುಕಿಕೊಂಡು ಬಂದವರಲ್ಲ.

ಆ ಮೇಲೆ ನನ್ನದೇ ಒಂದು ಹಳೆಯ ಖಾತೆ ತೆರೆದು ನೋಡಬೇಕಾಯಿತು. "ಮೂವತ್ತು ವರ್ಷ ಊರು ಬಿಟ್ಟು ಪರದೇಶಿ ಹಾಗೆ ಬದುಕಿದೆ" ಅಂತ ನೆಂಟರ ಮದುವೆಗಳಲ್ಲಿ ಹೇಳಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ನಿಜವೇ? ಅನೇಕ ವರ್ಗಾವಣೆಗಳ ಜೊತೆ ಬಡ್ತಿ ಇತ್ತು. ಬಡ್ತಿ ಬೇಡ ಅಂತ ಬರೆದುಕೊಟ್ಟು ಊರ ಹತ್ತಿರ ಉಳಿದ ಗೆಳೆಯರೂ ಇದ್ದರು. ಮನೆ ಬಾಡಿಗೆಗೆ ಭತ್ಯೆ, ಸಾಮಾನು ಸಾಗಿಸಲು ಖರ್ಚು, ಕೊನೆಗೆ ಪಿಂಚಣಿ. ಅಮ್ಮನ ಕಡೆಯ ದಿನಗಳಲ್ಲಿ ಹತ್ತಿರ ಇರಲಾಗಲಿಲ್ಲ ಎಂಬ ನೋವು ಸುಳ್ಳಲ್ಲ. ಆದರೆ ಆ ಏರನ್ನು ನಾನೇ ಆರಿಸಿಕೊಂಡಿದ್ದೆ. ಆರಿಸಿಕೊಂಡದ್ದನ್ನು ತ್ಯಾಗದ ಖಾತೆಗೆ ಜಮಾ ಮಾಡಿದರೆ ಅದು ಸುಳ್ಳು ಲೆಕ್ಕ.

ಈಗ ಮಗನ ಜೊತೆ ನಾಸಿಕದಲ್ಲಿದ್ದೇನೆ. ದ್ರಾಕ್ಷಿ ತೋಟದ ಕೆಲಸ ಶುರುವಾದರೆ ಪೇಠ್, ಸುರಗಾಣಾ ಕಡೆಯ ಆದಿವಾಸಿಗಳು ಮಕ್ಕಳುಮರಿ ಸಮೇತ ಘಾಟಿ ಹತ್ತಿ ಇತ್ತ ಬರುತ್ತಾರೆ. ಅವರೂ ಊರು ಬಿಟ್ಟವರೇ. 'ಪರದೇಶಿ' ಎಂಬ ಮಾತನ್ನು ಅವರೆದುರು ಆಡಲು ನನಗೆ ಬಾಯಿ ಬರುವುದಿಲ್ಲ.

ಹಾಗಂತ ಸೈಕಲ್ ಮಾರಿದೆನೇ? ಇಲ್ಲ. ಬೇಕೆಂದು ಪಡುವ ಕಷ್ಟವೂ ವ್ಯರ್ಥವಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರೆ. ತುಳಿದವನಿಗೆ ಅದರ ಕಲ್ಲುಮುಳ್ಳು ಒಂದಿಷ್ಟಾದರೂ ತಿಳಿಯುತ್ತದೆ. ಕಾರಿನಲ್ಲಿ ಹೋಗಿದ್ದರೆ ಆ ಮುದುಕ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಒಂದೇ ಬದಲಾವಣೆ ಮಾಡಿಕೊಂಡಿದ್ದೇನೆ. ಏರಿನಲ್ಲಿ ಯಾರಾದರೂ ಸೈಕಲ್ ನೂಕಿಕೊಂಡು ಹೋಗುತ್ತಿದ್ದರೆ ನಾನೂ ಇಳಿದು ಜೊತೆಗೆ ನಡೆಯುತ್ತೇನೆ. ಅವರಿಗೆ ಇದರಿಂದ ಏನೂ ಲಾಭವಿಲ್ಲ. ಮಳೆಯ ವಿಷಯ, ಈರುಳ್ಳಿ ದರದ ವಿಷಯ ಮಾತಾಡುತ್ತಾ ಹತ್ತುತ್ತೇವೆ. ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತೇನೆ.