ಓದುವವರಿಗೂ ಕೇಳುವವರಿಗೂ ಸಮಪಾಲು

ನಮ್ಮ ಸ್ತೋತ್ರಗಳಲ್ಲಿ ಬಹುಪಾಲಿಗೆ ಕೊನೆಗೊಂದು ಫಲಶ್ರುತಿ ಇರುತ್ತದೆ. ಇದನ್ನು ಓದಿದವರಿಗೂ ಕೇಳಿದವರಿಗೂ ಇಂಥಿಂಥ ಫಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಗಂಟಲು ಒಣಗಿಸಿಕೊಂಡು ಓದಿದವನಿಗೂ ಕಂಬಕ್ಕೊರಗಿ ಕೇಳಿದವನಿಗೂ ಸಮಪಾಲು ಎಂದರೆ ಯಾವ ನ್ಯಾಯ? ತೀರ್ಥಹಳ್ಳಿ ಸೀಮೆಯ ನನ್ನ ತವರಿನಲ್ಲಿ ಅಜ್ಜಯ್ಯನನ್ನು ಇದೇ ಪ್ರಶ್ನೆ ಕೇಳಿದ್ದೆ. ‘ಕೇಳೋರೇ ಇಲ್ಲದಿದ್ರೆ ಓದೋನಿಗೆ ಎಂತ ಕೆಲಸ ಮಗಾ?’ ಎಂದು ಪುಸ್ತಕ ಮುಚ್ಚಿದ್ದರು. ಮುಂದೆ ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಾ ಹೋದಂತೆ, ಅವರ ಮಾತು ಶಾಸ್ತ್ರಕ್ಕಿಂತ ಹೆಚ್ಚಾಗಿ ನನ್ನ ಕಸುಬಿಗೇ ಸೇರಿದ್ದು ಅನ್ನಿಸಿತು.

ಅರ್ಥ ತಿಳಿಯದೆ ಓದಿದರೆ ಫಲ ಉಂಟೆ ಎಂಬುದು ಹಳೆಯ ಜಗಳ. ವೇದ ಕಲಿತು ಅರ್ಥ ಅರಿಯದವನನ್ನು ಯಾಸ್ಕನ ನಿರುಕ್ತ ಹೊರೆ ಹೊತ್ತ ಕಂಬ ಎಂದು ಹಳಿಯುತ್ತದೆ. ಪಾಣಿನೀಯ ಶಿಕ್ಷೆ ಅಧಮ ಪಾಠಕರು ಆರು ಬಗೆ ಎಂದು ಪಟ್ಟಿ ಕೊಡುತ್ತದೆ: ರಾಗ ಎಳೆಯುವವನು, ಗಡಿಬಿಡಿಯವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿಕೊಂಡೇ ಓದುವವನು, ಅರ್ಥ ತಿಳಿಯದವನು, ದನಿ ಏಳದವನು. ಈ ಆರೂ ಮಂದಿ ನನ್ನ ಒಂದನೇ ಕ್ಲಾಸಿನ ಮೊದಲ ಸಾಲಿನಲ್ಲೇ ಕೂತಿರುತ್ತಿದ್ದರು! ಅದೇ ಗ್ರಂಥ ಒಳ್ಳೆಯ ಪಾಠಕನ ಗುಣಗಳನ್ನೂ ಹೇಳುತ್ತದೆ. ಅಕ್ಷರ ಸ್ಪಷ್ಟವಾಗಿರಬೇಕು, ಪದ ಬಿಡಿಸಿ ಓದಬೇಕು ಎನ್ನುವುದರ ಜೊತೆಗೇ ಧೈರ್ಯವನ್ನೂ ಸೇರಿಸಿದೆ. ಅಕ್ಷರ ನಾವು ಕಲಿಸಬಹುದು. ಧೈರ್ಯ ಮನೆಯಿಂದ ಬರಬೇಕು.

ಆದರೆ ಮನೆಯವರು ಹೇಳುತ್ತಿದ್ದುದು ಒಂದೇ: ‘ನಂಗೇ ಓದಕ್ಕೆ ಬರಲ್ಲ ಅಕ್ಕೋರೇ, ಇವನಿಗೆ ಎಂತ ಹೇಳಿಕೊಡ್ಲಿ?’

ಇದಕ್ಕೆ ಉತ್ತರ ಸಿಕ್ಕಿದ್ದು ನಗರ ಹೋಬಳಿಯ ಒಂದು ಅಂಗಳದಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ. ಚಪ್ಪರದಡಿ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಕೈಗೆ ಬಿಡುವಿಲ್ಲ, ಕಿವಿ ಖಾಲಿ. ಅವರಲ್ಲೊಬ್ಬಳ ಮಗ, ಎರಡನೇ ಕ್ಲಾಸಿನವನು, ಬಲ್ಬಿನ ಕೆಳಗೆ ಕೂತು ಗಟ್ಟಿಯಾಗಿ ಓದುತ್ತಿದ್ದ. ‘ಹಸು ಹುಲಿ ತಿಂದಿತು’ ಎಂದ. ಸುಲಿಯುವ ಕೈಗಳೆಲ್ಲ ನಿಂತವು. ‘ಎಂತದು? ಹಸು ಹುಲಿ ತಿಂತಾ? ಸರೀ ನೋಡು ಮಾರಾಯ’ ಎಂದಳು ಅವನಮ್ಮ. ಎಲ್ಲರ ಜೊತೆ ಅವನೂ ನಕ್ಕ. ಬೆರಳಿಟ್ಟು ಮತ್ತೆ ನೋಡಿದ. ‘ಗುಡಿಸಲ್ಲ, ಕೊಂಬು... ಕೆಳಗೆ ಒತ್ತೂ ಉಂಟು... ಹುಲ್ಲು!’ ಆ ತಾಯಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಹಸು ಏನು ತಿನ್ನುತ್ತದೆಂದು ಗೊತ್ತಿತ್ತು. ಮಗ ಅಕ್ಷರ ಹಿಡಿದು ಬಂದ, ಅವಳು ಅರ್ಥ ಹಿಡಿದು ಕೂತಿದ್ದಳು. ಇಬ್ಬರೂ ಸೇರಿದ ಮೇಲೆ ಓದು ಆಯಿತು.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಕ್ರಮದಲ್ಲೂ ಶ್ರವಣವಾದ ಮೇಲೆಯೇ ಮನನ. ಮಕ್ಕಳ ವಿಷಯದಲ್ಲಿ ಇದು ಅಕ್ಷರಶಃ ನಿಜ. ಕಥೆ ಕೇಳಿ ಬೆಳೆದ ಮಗು ಮುಂದಿನ ಮಾತು ಏನಿರಬಹುದೆಂದು ಊಹಿಸುತ್ತಾ ಓದುತ್ತದೆ. ಊಹೆ ತಪ್ಪಿದರೆ ತಾನೇ ನಿಲ್ಲುತ್ತದೆ. ಏನೂ ಕೇಳದೆ ಬಂದ ಮಗುವಿಗೆ ಹಸು ಹುಲಿ ತಿಂದರೂ ಒಂದೇ, ಹುಲ್ಲು ತಿಂದರೂ ಒಂದೇ.

ಇಷ್ಟು ಹೇಳಿ ಪರಂಪರೆಗೆ ಕೈಮುಗಿದು ಏಳುವ ಹಾಗಿಲ್ಲ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಭಾಷ್ಯ ಬರೆಯುವ ಶಂಕರರು, ಶೂದ್ರರಿಗೆ ವೇದ ಕೇಳುವುದೂ ನಿಷಿದ್ಧ ಎನ್ನುವ ಸ್ಮೃತಿವಚನಗಳನ್ನು ಎತ್ತಿ ಹೇಳುತ್ತಾರೆ. ಇತಿಹಾಸ, ಪುರಾಣ ಮಾತ್ರ ಎಲ್ಲರೂ ಕೇಳಬಹುದು ಎನ್ನುತ್ತಾರೆ. ಸಮಪಾಲು ಎಂದ ಬಾಯೇ ಯಾರ ಕಿವಿ ಎಂದು ವಿಚಾರಿಸಿಯೂ ನೋಡಿದೆ. ಅಕ್ಷರದ ಪಾಲೂ ಹಾಗೆಯೇ, ಮನೆ ನೋಡಿ ಬಂದದ್ದು. 1904ರಲ್ಲಿ ಹುಟ್ಟಿದ ಕುವೆಂಪು ಅವರಿಗೆ ಕುಪ್ಪಳಿಯ ಮನೆಯಲ್ಲೇ ದಕ್ಷಿಣ ಕನ್ನಡದಿಂದ ಬಂದ ಮೇಷ್ಟರು ಅಕ್ಷರ ಕಲಿಸಿದರು. ಹಾಗೆ ಮೇಷ್ಟರನ್ನು ಇಟ್ಟುಕೊಳ್ಳುವ ಅನುಕೂಲ ಆ ಮನೆಗಿತ್ತು. ಅವರ ತೋಟಗದ್ದೆಯಲ್ಲಿ ದುಡಿದವರ ಮಕ್ಕಳಿಗೆ ಯಾವ ಮೇಷ್ಟರು ಬಂದಾರು? ಅಕ್ಷರ ಸಿಗದೆ ಹೋದ ಮನೆಗಳ ಮೊಮ್ಮಕ್ಕಳೇ ನನ್ನ ಕ್ಲಾಸಿನಲ್ಲಿದ್ದರು. ಅವರ ಅಮ್ಮಂದಿರಿಗೆ ‘ನೀವು ಓದಿಲ್ಲ, ಹಾಗಾಗಿ ನಿಮ್ಮಿಂದಾಗದು’ ಎಂದರೆ ಹಳೇ ನಿಷೇಧಕ್ಕೆ ನಾನೂ ಸಹಿ ಹಾಕಿದಂತೆ.

ಆದ್ದರಿಂದ ಅವರಿಗೆ ಹೇಳುತ್ತಿದ್ದದ್ದು ಇಷ್ಟೇ: ಮಗು ಓದಲಿ, ನೀವು ಕೇಳಿ. ತಡವರಿಸಿದರೆ ಕಾಯಿರಿ. ‘ಆಮೇಲೆ ಎಂತ ಆಯ್ತು?’ ಎನ್ನಿ. ಅರ್ಥವಾಗದಿದ್ದರೆ ನಾಚಿಕೊಳ್ಳದೆ ಕೇಳಿ; ನಿಮಗೆ ವಿವರಿಸಲೆಂದೇ ಅದು ಇನ್ನೊಮ್ಮೆ ಓದುತ್ತದೆ. ಮಳೆ ರಜೆಯ ದಿನ ಕರೆಂಟಿಲ್ಲದಿದ್ದರೆ ಬಚ್ಚಲೊಲೆಯ ಮುಂದೆ ಕೂತು ನಿಮಗೆ ಗೊತ್ತಿರುವ ಕಥೆ ಹೇಳಿ. ಮೊಬೈಲು ಕಥೆ ಹೇಳೀತು, ಆದರೆ ‘ಸರೀ ನೋಡು ಮಾರಾಯ’ ಎಂದು ನಗಲಾರದು.

ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟ ಮೇಲೆ ವಿಸರ್ಜನೆಯವರೆಗೆ ಓದಬಾರದು ಎನ್ನುತ್ತಾರೆ. ಮಕ್ಕಳಿಗೆ ಅದೇ ಹಬ್ಬ! ವಿಜಯದಶಮಿಗೆ ಇಳಿಸಿದಾಗ ಮಾತ್ರ ನಾಲ್ಕು ಸಾಲಾದರೂ ಓದಲೇಬೇಕು. ಆ ನಾಲ್ಕು ಸಾಲನ್ನು ದೇವರ ಕಡೆ ಮುಖ ಮಾಡಿ ಗೊಣಗುವ ಬದಲು, ಮನೆಯಲ್ಲಿ ಓದು ಬಾರದವರು ಯಾರಿದ್ದಾರೋ ಅವರೆದುರು ಕೂತು ಮಗು ಗಟ್ಟಿಯಾಗಿ ಓದಲಿ ಎನ್ನುತ್ತೇನೆ. ಸರಸ್ವತಿ ಬೇಸರಪಟ್ಟುಕೊಳ್ಳುವವಳಲ್ಲ.